ಹಿಟ್ಟಿನ ಹುಂಜವೂ ಯಂತ್ರದ ಹುಡುಗಿಯೂ

ನಮ್ಮ ಪೂರ್ವಾಚಾರ್ಯರು ಶ್ರುತವನ್ನು ನಾಲ್ಕು ಅನುಯೋಗಗಳಾಗಿ ವಿಂಗಡಿಸಿದಾಗ ಮೊದಲ ಸ್ಥಾನವನ್ನು ಕೊಟ್ಟದ್ದು ಕಥೆಗೆ. ಲೋಕದ ಅಳತೆಯನ್ನು ಹೇಳುವ ಕರಣಾನುಯೋಗ, ಆಚಾರವನ್ನು ವಿಧಿಸುವ ಚರಣಾನುಯೋಗ, ತತ್ತ್ವವನ್ನು ನಿರೂಪಿಸುವ ದ್ರವ್ಯಾನುಯೋಗ, ಇವೆಲ್ಲ ಅನಂತರ ಬರತಕ್ಕವು. ಪುರಾಣ ಪುರುಷರ ಕಥೆಗಳನ್ನು ಒಳಗೊಂಡ ಭಾಗಕ್ಕೆ ಪ್ರಥಮಾನುಯೋಗವೆಂದೇ ಹೆಸರು. ತತ್ತ್ವವನ್ನು ನೇರವಾಗಿ ಹೇಳಿದರೆ ಬಾಗಿಲು ಮುಚ್ಚಿಕೊಳ್ಳುವ ಮನಸ್ಸು, ಕಥೆಯಾಗಿ ಬಂದರೆ ತಾನೇ ಎದ್ದು ಬಾಗಿಲು ತೆರೆಯುತ್ತದೆಂಬ ಅರಿವು ಅವರಿಗೆ ಇದ್ದಿರಬೇಕು. ದಶಲಕ್ಷಣ ಪರ್ವದ ಉಪನ್ಯಾಸಗಳಲ್ಲಿ ಈ ಮಾತನ್ನು ನಾನು ಚಿಕ್ಕಂದಿನಿಂದ ಕೇಳಿದ್ದೇನೆ, ವಯಸ್ಸಾದ ಮೇಲೆ ಹಲವು ಸಲ ನಾನೇ ಹೇಳಿದ್ದೇನೆ. ಆದರೆ ಕಥೆಯೊಂದು ನನ್ನ ಮನೆಯ ಬಾಗಿಲನ್ನೇ ತಟ್ಟೀತೆಂದು ಎಣಿಸಿರಲಿಲ್ಲ. ಅಂತಹ ಕಥೆ ಪುರಾಣದಿಂದ ಬಾರದೆ, ಅಮೆರಿಕದ ಲೇಖಕಿಯೊಬ್ಬರು ಹದಿಹರೆಯದವರಿಗೆಂದು ಬರೆದ ಪುಸ್ತಕಗಳಿಂದ ಬಂದ ಬಗೆಯನ್ನು ಓದುಗ ಬಂಧುಗಳಲ್ಲಿ ನಿವೇದಿಸಿಕೊಳ್ಳುವುದೇ ಈ ಲೇಖನದ ಉದ್ದೇಶ.

2023ರ ಚಾತುರ್ಮಾಸದ ಆರಂಭ. ನನ್ನ ಮೊಮ್ಮಗಳು ತಾನು ಓದಿ ಮುಗಿಸಿದ ಐದು ಇಂಗ್ಲಿಷ್ ಪುಸ್ತಕಗಳನ್ನು ರಾಯಚೂರಿನ ನಮ್ಮ ಪಾಠಶಾಲೆಯ ಕಪಾಟಿಗೆ ಕೊಡಬಯಸಿದಳು. ಆಡಳಿತ ಮಂಡಳಿಯ ಹಿರಿಯರೊಬ್ಬರು ಪುಸ್ತಕಗಳನ್ನು ತಿರುವಿ ನೋಡಿ, ಇದರಲ್ಲಿ ಪರರ ಮನಸ್ಸನ್ನು ವಶಮಾಡಿಕೊಳ್ಳುವ ರಾಣಿಯಿದ್ದಾಳೆ, ತೋಳದ ಗುಣ ಬೆರೆಸಿ ತಯಾರಿಸಿದ ಸೈನಿಕರಿದ್ದಾರೆ, ರಕ್ತಪಾತವಿದೆ, ಅಹಿಂಸೆಯನ್ನು ಕಲಿಸುವ ಪಾಠಶಾಲೆಯಲ್ಲಿ ಇದಕ್ಕೆಲ್ಲಿಯ ಸ್ಥಾನ ಎಂದು ಆಕ್ಷೇಪಿಸಿದರು. ಮತ್ತೊಬ್ಬರು ಮಕ್ಕಳು ಏನನ್ನಾದರೂ ಓದಲಿ, ಮೊಬೈಲು ಬಿಟ್ಟರೆ ಸಾಕು ಎಂದರು. ಕೊನೆಗೆ, ಓದುವ ಹವ್ಯಾಸವಿರುವವನೆಂಬ ಕಾರಣಕ್ಕೆ, ಪುಸ್ತಕಗಳನ್ನು ನಾನೇ ಓದಿ ವರದಿ ಕೊಡಬೇಕೆಂದು ತೀರ್ಮಾನವಾಯಿತು. ವಾಣಿಜ್ಯದ ಪದವಿಗಾಗಿ ಕಲಿತ ಇಂಗ್ಲಿಷು ಬಿಲ್ಲು, ಬಿಲ್ಟಿ, ಬ್ಯಾಂಕಿನ ಪತ್ರಗಳಿಗೆ ಸಾಕಾಗಿತ್ತೇ ಹೊರತು ಕಾದಂಬರಿಗೆ ಸಾಲದು. ಆದರೂ ನಿಘಂಟನ್ನು ಬದಿಗಿಟ್ಟುಕೊಂಡು, ತಿಳಿಯದ ಕಡೆ ಮೊಮ್ಮಗಳನ್ನು ಕೇಳುತ್ತ, ರಾಜೇಂದ್ರ ಗಂಜಿನ ಅಂಗಡಿಯಲ್ಲಿ ಗಿರಾಕಿಗಳಿಲ್ಲದ ಹೊತ್ತಿನಲ್ಲಿಯೂ, ವಸೂಲಿಗೆಂದು ದೇವದುರ್ಗ, ಮಾನ್ವಿಗಳಿಗೆ ಹೋಗಿಬರುವ ಬಸ್ಸಿನಲ್ಲಿಯೂ ಐದು ತಿಂಗಳಲ್ಲಿ ಓದಿ ಮುಗಿಸಿದೆ.

ಈ ಮಾಲೆಯ ಹೆಸರು ಲೂನಾರ್ ಕ್ರಾನಿಕಲ್ಸ್, ಅಂದರೆ ಚಂದ್ರಲೋಕದ ವೃತ್ತಾಂತ. ಬರೆದವರು ಮರಿಸ್ಸಾ ಮೆಯರ್. 2012ರಲ್ಲಿ ‘ಸಿಂಡರ್’, 2013ರಲ್ಲಿ ‘ಸ್ಕಾರ್ಲೆಟ್’, 2014ರಲ್ಲಿ ‘ಕ್ರೆಸ್’, 2015ರಲ್ಲಿ ‘ಫೇರೆಸ್ಟ್’ ಮತ್ತು ‘ವಿಂಟರ್’ ಪ್ರಕಟವಾದುವು. ಯುರೋಪಿನ ಅಜ್ಜಿಯರು ಹೇಳುತ್ತಿದ್ದ ಸಿಂಡ್ರೆಲಾ, ಕೆಂಪು ಟೊಪ್ಪಿಗೆಯ ಹುಡುಗಿ, ಗೋಪುರದಲ್ಲಿ ಬಂಧಿತಳಾದ ನೀಳಗೂದಲಿನ ರಾಪುಂಜೆಲ್, ಹಿಮಶ್ವೇತೆ, ಈ ನಾಲ್ವರ ಕಥೆಗಳನ್ನು ದೂರದ ಭವಿಷ್ಯಕಾಲಕ್ಕೆ ಒಯ್ದು ಒಂದೇ ಕಥೆಯಾಗಿ ಹೆಣೆದಿದ್ದಾರೆ. ಗೋಪುರವು ಇಲ್ಲಿ ಭೂಮಿಯನ್ನು ಸುತ್ತುವ ಉಪಗ್ರಹವಾಗಿದೆ. ಸಿಂಡ್ರೆಲಾಳು ನವ ಬೀಜಿಂಗ್ ನಗರದ ಸಂತೆಯಲ್ಲಿ ಯಂತ್ರ ರಿಪೇರಿ ಮಾಡುವ ಹುಡುಗಿ. ಅಪಘಾತವೊಂದರಲ್ಲಿ ಅಂಗಗಳನ್ನು ಕಳೆದುಕೊಂಡು ಉಕ್ಕಿನ ಕೈ, ಉಕ್ಕಿನ ಪಾದ ಜೋಡಿಸಿಕೊಂಡವಳು, ಅರ್ಧ ಮನುಷ್ಯಳು ಅರ್ಧ ಯಂತ್ರ. ಅವಳ ದೇಹದ ನೂರಕ್ಕೆ 36.28 ಭಾಗ ಮನುಷ್ಯನದಲ್ಲವೆಂದು ಲೆಕ್ಕ ಹಾಕಿಟ್ಟಿದ್ದಾರೆ. ಅರಮನೆಯ ಮೆಟ್ಟಿಲ ಮೇಲೆ ಅವಳು ಕಳೆದುಕೊಳ್ಳುವುದು ಗಾಜಿನ ಪಾದರಕ್ಷೆಯನ್ನಲ್ಲ, ಅಳತೆಗೆ ಸಾಲದ ತನ್ನ ಪಾದವನ್ನೇ.

ಹಳೆಯ ಕಥೆಯನ್ನು ಹೀಗೆ ತಿರುಚಬಹುದೇ ಎಂಬ ಪ್ರಶ್ನೆ ಮಂಡಳಿಯಲ್ಲಿ ಬಂದಿತ್ತು. ಈ ಪ್ರಶ್ನೆಯನ್ನು ಕೇಳುವ ಹಕ್ಕು ಬೇರೆ ಯಾರಿಗಿದ್ದರೂ ಜೈನರಾದ ನಮಗೆ ಅಷ್ಟಾಗಿ ಇಲ್ಲವೆಂದು ನನ್ನ ಅಭಿಪ್ರಾಯ. ವಿಮಲಸೂರಿಯು ಪ್ರಾಕೃತದಲ್ಲಿ ರಾಮಕಥೆಯನ್ನು ಮತ್ತೆ ಹೇಳಿದಾಗ ರಾವಣನ ಹತ್ತು ತಲೆಗಳು ಕೊರಳ ಹಾರದ ರತ್ನಗಳಲ್ಲಿ ಕಂಡ ಒಂದೇ ಮುಖದ ಪ್ರತಿಬಿಂಬಗಳಾದುವು. ವಾನರರು ಕಪಿಗಳಾಗಿ ಉಳಿಯದೆ ಕಪಿಯ ಲಾಂಛನವನ್ನು ಧರಿಸಿದ ವಿದ್ಯಾಧರ ವಂಶದವರಾದರು. ಕನ್ನಡದಲ್ಲಿ ಅದೇ ಪರಂಪರೆಯಲ್ಲಿ ನಡೆದ ನಾಗಚಂದ್ರನು, ರಾವಣನು ಸ್ವಭಾವದಿಂದ ಹೀನನಲ್ಲ, ಒಂದು ದುರ್ಬಲ ಕ್ಷಣದಲ್ಲಿ ಜಾರಿದ ಮಹಾಪುರುಷ ಎಂದು ನಾವು ಮರುಗುವಂತೆ ಚಿತ್ರಿಸಿದನು. ನಂಬಲಾಗದ್ದಕ್ಕೆ ಕಾರಣವನ್ನು ಒದಗಿಸುವುದು, ಖಳನಿಗೂ ಒಂದು ಅಂತರಂಗವನ್ನು ಕೊಡುವುದು, ಇದು ನಮ್ಮವರು ಮಾಡಿದ ಕೆಲಸ. ಮೆಯರ್ ಅವರು ರಾಣಿಯ ಮಾಟವನ್ನು ದೇಹದ ವಿದ್ಯುತ್ತಿನ ಶಕ್ತಿಯೆಂದು ವಿವರಿಸಿ, ‘ಫೇರೆಸ್ಟ್’ ಎಂಬ ಪುಸ್ತಕವನ್ನು ಆ ಕ್ರೂರ ರಾಣಿಯ ಪೂರ್ವಕಥೆಗೇ ಮೀಸಲಿಟ್ಟಾಗ, ತಿಳಿಯದೆಯೇ ನಮ್ಮ ಕವಿಗಳ ದಾರಿಯಲ್ಲಿ ನಡೆದಿದ್ದಾರೆ.

ಸಿಂಡ್ರೆಲಾಳ ಕಥೆಯೂ ಪರದೇಶದ್ದೆಂದು ತಳ್ಳಿಹಾಕತಕ್ಕದ್ದಲ್ಲ. ಚೀನಾದಲ್ಲಿ ಒಂಬತ್ತನೆಯ ಶತಮಾನದಲ್ಲಿಯೇ ಇಂಥದೊಂದು ಕಥೆ ಬರಹಕ್ಕಿಳಿದಿತ್ತು. ನಮ್ಮ ಉತ್ತರ ಕರ್ನಾಟಕದಲ್ಲಿ ಎ.ಕೆ. ರಾಮಾನುಜನ್ ಅವರು ಸಂಗ್ರಹಿಸಿದ ‘ಹಂಚಿ’ ಎಂಬ ಜನಪದ ಕಥೆಯನ್ನು ಅವರು ಕನ್ನಡದ ಸಿಂಡ್ರೆಲಾ ಎಂದೇ ಕರೆದರು. 1982ರಲ್ಲಿ ಜಗತ್ತಿನ ಸಿಂಡ್ರೆಲಾ ಕಥೆಗಳನ್ನು ಕುರಿತ ಸಂಕಲನದಲ್ಲಿ ಅದು ಇಂಗ್ಲಿಷಿನಲ್ಲಿ ಪ್ರಕಟವಾಯಿತು. ಬಂಗಾರದ ಕೂದಲಿನ ಚೆಲುವೆಯನ್ನು ಆಪತ್ತಿನಿಂದ ಕಾಯಲು ತಾಯಿಯೇ ಅವಳ ಮುಖಕ್ಕೆ ಮಣ್ಣಿನ ಮುಖವಾಡ ತೊಡಿಸಿ ಮನೆಯಿಂದ ಕಳುಹಿಸುತ್ತಾಳೆ. ಹಂಚಿನ ಮುಖದವಳಾದ್ದರಿಂದ ಅವಳಿಗೆ ಹಂಚಿ ಎಂಬ ಹೆಸರು. ಅವಳು ಸೇರುವುದು ಸಾಹುಕಾರನೊಬ್ಬನ ಮನೆಯ ಅಡಿಗೆಯ ಕೆಲಸಕ್ಕೆ. ಮುಖವಾಡದ ಹಿಂದಿನ ಮುಖವನ್ನು ಸಾಹುಕಾರನ ಕಿರಿಯ ಮಗ ಒಂದು ದಿನ ಕಾಣುತ್ತಾನೆ, ಕಥೆ ಅಲ್ಲಿಂದ ತಿರುಗುತ್ತದೆ.

ಈ ಕಥೆಯನ್ನು ಮೊಮ್ಮಗಳಿಗೆ ಹೇಳಿದಾಗ ಅವಳು ಸಹಜವಾಗಿ ಕೇಳಿದಳು: ‘ತಾತಾ, ಊರವರು ನಿಮ್ಮನ್ನೂ ಸಾವಕಾರ ಅಂತಾರಲ್ಲ, ನಮ್ಮ ಮನೆಯಲ್ಲಿ ಹಂಚಿ ಯಾರಿದ್ದರು?’ ನಾನು ನಕ್ಕು ಮಾತು ಮರೆಸಿದೆ. ಆದರೆ ಪ್ರಶ್ನೆ ಉಳಿಯಿತು.

ಅದು ಮತ್ತೆ ಎದ್ದುದು ‘ಸಿಂಡರ್’ ಪುಸ್ತಕದ ಎರಡು ಪ್ರಸಂಗಗಳನ್ನು ಓದುವಾಗ. ಮೊದಲನೆಯದು ಸಂಬಳದ ವಿಷಯ. ಸಂತೆಯಲ್ಲಿ ದಿನವಿಡೀ ದುಡಿಯುವವಳು ಸಿಂಡರ್. ಕಾನೂನಿನ ಪ್ರಕಾರ ಅವಳ ದುಡಿಮೆಯ ಹಣ ಮಾತ್ರ ಪೋಷಕಿಯಾದ ಮಲತಾಯಿಯದು. ಅರ್ಧ ಯಂತ್ರವಾದವಳು ಪೋಷಕರ ಸೊತ್ತು. ಅಷ್ಟೇ ಅಲ್ಲದೆ, ದೇಶದಲ್ಲಿ ಮಹಾಮಾರಿಯೊಂದು ಹಬ್ಬಿದಾಗ ಔಷಧದ ಪ್ರಯೋಗಕ್ಕೆ ಇಂಥವರನ್ನು ಚೀಟಿ ಎತ್ತಿ ಕರೆದೊಯ್ಯುತ್ತಾರೆ. 2020ರ ಕೊರೊನಾ ದಿನಗಳನ್ನು ಕಂಡ ನಮಗೆ, ಅದಕ್ಕೆ 8 ವರ್ಷ ಮೊದಲೇ ಬರೆದ ಆ ಪುಟಗಳು ಮೈ ನಡುಗಿಸುತ್ತವೆ. ಎರಡನೆಯದು ಐಕೋ ಎಂಬ ಯಂತ್ರದ ಹುಡುಗಿಯ ಪ್ರಸಂಗ. ಐಕೋ ಪೂರ್ತಿಯಾಗಿ ಯಂತ್ರವೇ, ಹಳೆಯ ಮಾದರಿಯದು. ಆದರೆ ಅವಳೊಳಗಿನ ಬಿಲ್ಲೆಯ ದೋಷದಿಂದಲೋ ಏನೋ ಅವಳಿಗೆ ಉಡುಪಿನ ಆಸೆಯಿದೆ, ಗೆಳತಿಯ ಮೇಲೆ ಪ್ರೀತಿಯಿದೆ. ಮಲತಾಯಿ ಸಿಟ್ಟಿನಲ್ಲಿ ಅವಳನ್ನು ಬಿಚ್ಚಿಸಿ ಭಾಗಭಾಗವಾಗಿ ಮಾರಿಬಿಡುತ್ತಾಳೆ. ಮೊಮ್ಮಗಳು ಇಲ್ಲಿ ಅತ್ತಿದ್ದಳಂತೆ. ‘ಐಕೋಗೆ ಜೀವ ಇತ್ತಾ ತಾತಾ? ಬಿಚ್ಚಿದ್ದು ಹಿಂಸೆಯಾ?’ ಎಂದು ಕೇಳಿದಳು.

ಪಾಠಶಾಲೆಯ ರೀತಿಯಲ್ಲಿ ಉತ್ತರ ಹೇಳುವುದು ಸುಲಭ. ಉಪಯೋಗ, ಅಂದರೆ ಅರಿಯುವ ಕಾಣುವ ವ್ಯಾಪಾರ, ಜೀವದ ಲಕ್ಷಣವೆಂದು ಉಮಾಸ್ವಾತಿಗಳು ಹೇಳಿದ್ದಾರೆ. ಯಂತ್ರವು ಪುದ್ಗಲ. ಅದಕ್ಕೆ ಉಪಯೋಗವಿಲ್ಲ. ಆದ್ದರಿಂದ ಅದನ್ನು ಬಿಚ್ಚಿದರೆ ಪ್ರಾಣಘಾತವಿಲ್ಲ. ಹೀಗೆ ಹೇಳಲು ಬಾಯಿ ತೆರೆದವನಿಗೆ ಜನ್ನನು ಅಡ್ಡ ಬಂದನು.

1209ರಲ್ಲಿ ಜನ್ನನು ರಚಿಸಿದ ಯಶೋಧರ ಚರಿತೆಯನ್ನು ನಮ್ಮ ಓದುಗರಿಗೆ ಪರಿಚಯಿಸಬೇಕಾಗಿಲ್ಲ. ಕೆಟ್ಟ ಕನಸಿನ ಶಾಂತಿಗೆಂದು ತಾಯಿ ಚಂದ್ರಮತಿಯು ಪ್ರಾಣಿಬಲಿಗೆ ಒತ್ತಾಯಿಸಿದಾಗ, ಯಶೋಧರನು ಜೀವಹಿಂಸೆಗೆ ಒಪ್ಪದೆ, ತಾಯಿಯ ಮಾತನ್ನೂ ಮೀರಲಾರದೆ, ಹಿಟ್ಟಿನಿಂದ ಮಾಡಿದ ಹುಂಜವನ್ನು ಬಲಿಕೊಡಲು ಒಪ್ಪುತ್ತಾನೆ. ಹಿಟ್ಟಿಗೆ ಜೀವವೆಲ್ಲಿಯದು? ಆದರೂ ಕತ್ತಿಯೆತ್ತಿದ ಸಂಕಲ್ಪ ಹಿಂಸೆಯದೇ ಆದುದರಿಂದ ತಾಯಿ ಮಗ ಇಬ್ಬರೂ ನವಿಲು, ನಾಯಿ, ಮೀನು, ಮೊಸಳೆ ಮೊದಲಾದ ಜನ್ಮಗಳಲ್ಲಿ ತೊಳಲುತ್ತಾರೆ. ಜನ್ನನ ಕಾವ್ಯದಲ್ಲಿ ಕತ್ತಿ ತಾಗಿದಾಗ ಆ ಹಿಟ್ಟಿನ ಹುಂಜ ಕೂಗಿಬಿಡುತ್ತದೆ. ಈ ಕಥೆಯೂ ಮರುಹೇಳಿಕೆಗಳ ಮೂಲಕವೇ ಉಳಿದುಬಂದದ್ದು. ಸೋಮದೇವಸೂರಿ, ಪುಷ್ಪದಂತ, ವಾದಿರಾಜರಿಂದ ಜನ್ನನಿಗೆ, ಅಲ್ಲಿಂದ 1980ರಲ್ಲಿ ಗಿರೀಶ ಕಾರ್ನಾಡರ ‘ಹಿಟ್ಟಿನ ಹುಂಜ’ ನಾಟಕಕ್ಕೆ ಅದು ನಡೆದುಬಂದಿದೆ. ಮೊಮ್ಮಗಳಿಗೆ ನಾನು ಹೇಳಿದೆ: ಐಕೋಗೆ ಜೀವವಿತ್ತೋ ಇಲ್ಲವೋ ಎಂಬುದು ಎರಡನೆಯ ಪ್ರಶ್ನೆ, ಬಿಚ್ಚಿಸಿದವಳ ಮನಸ್ಸು ಆಗ ಎಂಥದಾಗಿತ್ತು ಎಂಬುದು ಮೊದಲನೆಯ ಪ್ರಶ್ನೆ.

ಉತ್ತರ ಚೆನ್ನಾಗಿತ್ತೆಂದು ನನಗೇ ತೃಪ್ತಿಯಾಯಿತು. ಆ ರಾತ್ರಿ ಮಲಗಿದಾಗ ಮಾತ್ರ ಅದೇ ಉತ್ತರ ನನ್ನ ಕಡೆಗೆ ತಿರುಗಿ ನಿಂತಿತು.

1993ರ ಜೂನಿನಲ್ಲಿ ದೇವದುರ್ಗದ ಕಡೆಯ ಹಳ್ಳಿಯೊಂದರಿಂದ ಹತ್ತು ವರ್ಷದ ಹುಡುಗಿಯೊಬ್ಬಳು ನಮ್ಮ ಮನೆಯ ಕೆಲಸಕ್ಕೆ ಬಂದಳು. ಆಕೆಯ ತಂದೆ ನಮ್ಮ ಅಂಗಡಿಯಿಂದ ಹತ್ತಿಯ ಬೀಜಕ್ಕೂ ಗೊಬ್ಬರಕ್ಕೂ ಮುಂಗಡ ತೆಗೆದುಕೊಂಡಿದ್ದ ರೈತ. ಮಳೆ ಕೈಕೊಟ್ಟು ಸಾಲ ನಿಂತಿತ್ತು. ಸಾಲ ತೀರುವವರೆಗೆ ಮಗಳು ಮನೆಯಲ್ಲಿರಲಿ, ತಿಂಗಳಿಗೆ 100 ರೂಪಾಯಿ ಮುರಿದುಕೊಳ್ಳೋಣ ಎಂದು ಮಾತಾಯಿತು. ಆ ಕಾಲದಲ್ಲಿ ಇದನ್ನು ಯಾರೂ ತಪ್ಪೆಂದು ಎಣಿಸುತ್ತಿರಲಿಲ್ಲವೆಂದು ಹೇಳಿ ನಾನು ಪಾರಾಗಬಹುದು. 14 ವರ್ಷದೊಳಗಿನ ಮಕ್ಕಳನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದನ್ನು ಸರಕಾರ ನಿಷೇಧಿಸಿದ್ದು 2006ರ ಅಕ್ಟೋಬರಿನಲ್ಲಿ. ಆದರೆ ಅಣುವ್ರತಗಳನ್ನು ನಮಗೆ ಸರಕಾರ ಕೊಟ್ಟದ್ದಲ್ಲ.

ನಮ್ಮದು ಆಚಾರವಂತರ ಮನೆ. ಗಾಳಿಸದ ನೀರು ಕುಡಿಯುವುದಿಲ್ಲ. ರಾತ್ರಿ ಭೋಜನವಿಲ್ಲ. ನೀರು ಸೇದುತ್ತಿದ್ದವಳು ಆ ಹುಡುಗಿ. ದಪ್ಪ ಬಟ್ಟೆಯನ್ನು ಎರಡು ಪದರ ಮಾಡಿ ಗಾಳಿಸಿ, ಬಟ್ಟೆಯಲ್ಲಿ ಉಳಿದ ಸೂಕ್ಷ್ಮ ಜೀವಿಗಳಿಗೆ ನೋವಾಗದಂತೆ ಅದೇ ಬಾವಿಗೆ ಹಿಂದಿರುಗಿಸುವ ಕ್ರಮವನ್ನು ನನ್ನ ತಾಯಿ ಆಕೆಗೆ ಕಲಿಸಿದ್ದರು. ಕೊಡ ಆಕೆಯ ಸೊಂಟಕ್ಕಿಂತ ದೊಡ್ಡದಾಗಿತ್ತು. ಸೂರ್ಯಾಸ್ತಕ್ಕೆ ಮುನ್ನ ನಮ್ಮೆಲ್ಲರ ಊಟ ಮುಗಿಯುತ್ತಿತ್ತು. ಆಮೇಲೆ ಪಾತ್ರೆ ತೊಳೆದು, ಅಡಿಗೆಮನೆ ಸಾರಿಸಿ, ಒಲೆ ಒರಸಿ, ದೀಪ ಹಚ್ಚಿದ ಎಷ್ಟೋ ಹೊತ್ತಿನ ಮೇಲೆ ಆಕೆ ಉಣ್ಣುತ್ತಿದ್ದಳು. ನಮ್ಮ ರಾತ್ರಿ ಭೋಜನ ತ್ಯಾಗದ ವ್ರತ ಒಂದು ದಿನವೂ ಭಂಗವಾಗಲಿಲ್ಲ. ಅದು ಭಂಗವಾಗದಂತೆ ಕಾದವಳು ದಿನವೂ ರಾತ್ರಿಯಲ್ಲಿ ಉಂಡಳು.

ಅಹಿಂಸಾಣುವ್ರತಕ್ಕೆ ಶಾಸ್ತ್ರಕಾರರು ಐದು ಅತಿಚಾರಗಳನ್ನು ಹೇಳುತ್ತಾರೆ. ಬಂಧ, ವಧ, ಛೇದ ಎಂಬ ಮೊದಲ ಮೂರರಲ್ಲಿ, ಅಂದರೆ ಕಟ್ಟುವುದು, ಹೊಡೆಯುವುದು, ಅಂಗ ಕಡಿಯುವುದರಲ್ಲಿ, ನಾವು ನಿರ್ದೋಷಿಗಳೆಂಬ ಹೆಮ್ಮೆ ನಮಗೆ ಇದ್ದೇ ಇದೆ. ನಾಲ್ಕನೆಯದು ಅತಿಭಾರಾರೋಪಣ, ತಾಳಲಾರದ ಭಾರವನ್ನು ಹೊರಿಸುವುದು. ಐದನೆಯದು ಅನ್ನಪಾನನಿರೋಧ, ಹೊತ್ತಿಗೆ ಸರಿಯಾಗಿ ಅನ್ನ ನೀರು ದೊರೆಯದಂತೆ ಮಾಡುವುದು. ಇವೆರಡನ್ನು ನಾನು ಎಷ್ಟೋ ಸಲ ಪಾಠ ಹೇಳಿದ್ದೇನೆ. ಉದಾಹರಣೆಯಾಗಿ ಎತ್ತಿನ ಬಂಡಿಯನ್ನು ಕೊಟ್ಟಿದ್ದೇನೆ. ಕೊಡ ಹೊತ್ತ ಹುಡುಗಿ ಒಮ್ಮೆಯೂ ನೆನಪಿಗೆ ಬರಲಿಲ್ಲ.

ಯಶೋಧರನ ಕಥೆಗೂ ನಮ್ಮ ಮನೆಯ ಕಥೆಗೂ ಇರುವ ವ್ಯತ್ಯಾಸ ಇಲ್ಲಿದೆ. ಅವನ ಎದುರಿನಲ್ಲಿದ್ದುದು ಜೀವವಿಲ್ಲದ ಹಿಟ್ಟು, ಮನಸ್ಸಿನಲ್ಲಿದ್ದುದು ಹಿಂಸೆಯ ಸಂಕಲ್ಪ. ನಮ್ಮ ಎದುರಿನಲ್ಲಿದ್ದುದು ಪಂಚೇಂದ್ರಿಯ ಜೀವ, ಮನಸ್ಸಿನಲ್ಲಿ ಹಿಂಸೆಯ ಸಂಕಲ್ಪವಿರಲಿಲ್ಲ. ಹಾಗಾದರೆ ನಾವು ದೋಷಿಗಳಲ್ಲವೇ? ಪ್ರಮಾದದಿಂದ ಕೂಡಿದ ಯೋಗದಿಂದ ಪ್ರಾಣಕ್ಕೆ ಆಗುವ ಬಾಧೆಯೇ ಹಿಂಸೆಯೆಂದು ತತ್ತ್ವಾರ್ಥಸೂತ್ರದ ಅಭಿಪ್ರಾಯ. ಪ್ರಮಾದವೆಂದರೆ ಎಚ್ಚರವಿಲ್ಲದಿರುವುದು. ವ್ಯಾಪಾರಿಗಳಾದ ನಾವು ಉದ್ಯೋಗಿ ಹಿಂಸೆ, ಆರಂಭಿ ಹಿಂಸೆಗಳು ಗೃಹಸ್ಥನಿಗೆ ಅನಿವಾರ್ಯವೆಂಬ ಮಾತಿನ ನೆರಳಿನಲ್ಲಿ ಬಹಳ ಸುಖವಾಗಿ ಕುಳಿತಿದ್ದೇವೆ. ಯಂತ್ರಕ್ಕೆ ಜೀವವಿದೆಯೇ ಎಂದು ಮಗು ಕೇಳಿದಾಗ ಶಾಸ್ತ್ರವನ್ನು ಬಿಚ್ಚಿದ ನಾನು, ಜೀವವಿರುವ ಮಗುವನ್ನು ಮೂರು ವರ್ಷ ಯಂತ್ರದಂತೆ ನಡೆಸಿಕೊಂಡಿದ್ದೆ.

ಆಗ ನಾವು ಹೇಳಿಕೊಳ್ಳುತ್ತಿದ್ದ ಸಮಾಧಾನ ಒಂದಿತ್ತು: ಹುಡುಗಿ ನಗುನಗುತ್ತ ಇರುತ್ತಾಳೆ ಎಂಬುದು. ಆ ಸಮಾಧಾನವನ್ನು ಕಿತ್ತುಕೊಂಡದ್ದು ಕೊನೆಯ ಪುಸ್ತಕವಾದ ‘ವಿಂಟರ್’. ಚಂದ್ರಲೋಕದವರಿಗೆ ಪರರ ಮನಸ್ಸನ್ನು ತಮಗೆ ಬೇಕಾದಂತೆ ತಿರುಗಿಸುವ ಶಕ್ತಿಯಿದೆ. ರಾಣಿ ಲೆವಾನಾ ಅದರಿಂದ ತನ್ನ ಸುಟ್ಟ ಮುಖವನ್ನು ಮರೆಮಾಡಿ ಚೆಲುವೆಯಂತೆ ತೋರುತ್ತಾಳೆ, ಪ್ರಜೆಗಳನ್ನು ಆಡಿಸುತ್ತಾಳೆ. ಕನ್ನಡಿಯ ಮುಂದೆ ಮಾತ್ರ ಆ ಮಾಯೆ ನಡೆಯದಾದ್ದರಿಂದ ಅವಳಿಗೆ ಕನ್ನಡಿಯೆಂದರೆ ಆಗದು. ಅವಳ ಮಲಮಗಳು ವಿಂಟರ್ ಆ ಶಕ್ತಿಯನ್ನು ಬಳಸುವುದಿಲ್ಲವೆಂದು ವ್ರತ ತೊಟ್ಟವಳು. ಬಳಸದೆ ಅದುಮಿಟ್ಟರೆ ಬುದ್ಧಿಭ್ರಮಣೆಯಾಗುತ್ತದೆಂದು ತಿಳಿದೂ ಆ ವ್ರತವನ್ನು ಬಿಡಲಿಲ್ಲ. ಕಾರಣ ಇದು: ಬಾಲ್ಯದಲ್ಲಿ ಅವಳು ಸಾಯಲು ಹೊರಟ ಸೇವಕಿಯೊಬ್ಬಳ ಮನಸ್ಸನ್ನು ತನ್ನ ಶಕ್ತಿಯಿಂದ ತಿರುಗಿಸಿ ಸಂತೋಷಪಡಿಸಿದ್ದಳು, ಒಳ್ಳೆಯದನ್ನು ಮಾಡಿದೆನೆಂದೇ ನಂಬಿದ್ದಳು. ಆದರೆ ಸೇವಕಿಯ ದುಃಖಕ್ಕೆ ಕಾರಣವಾದದ್ದು ಹಾಗೆಯೇ ಉಳಿದಿತ್ತು. ನಗುವಿನ ಕೆಳಗೆ ಅದು ನಡೆಯುತ್ತಲೇ ಇತ್ತು. ಆ ಸೇವಕಿ ಕೊನೆಗೆ ಉಳಿಯಲಿಲ್ಲ. ಇದನ್ನು ಓದಿದ್ದು ಮಾನ್ವಿಗೆ ಹೋಗುವ ಬಸ್ಸಿನಲ್ಲಿ, ಕಲ್ಲೂರು ದಾಟಿದ ಮೇಲೆ. ಪುಸ್ತಕ ಮುಚ್ಚಿ ಕಿಟಕಿಯ ಹೊರಗಿನ ಭತ್ತದ ಗದ್ದೆಗಳನ್ನು ನೋಡುತ್ತ ಕುಳಿತೆ. ಸಾಲಗಾರನ ಮಗಳು ಸಾವಕಾರನ ಮನೆಯಲ್ಲಿ ನಗದೆ ಇನ್ನೇನು ಮಾಡಿಯಾಳು?

ಪ್ರತಿ ವರ್ಷ ಕ್ಷಮಾವಣಿಯ ದಿನ 84 ಲಕ್ಷ ಯೋನಿಗಳ ಸಮಸ್ತ ಜೀವರಾಶಿಯ ಕ್ಷಮೆ ಕೇಳುತ್ತೇನೆ. ಬಂಧುಗಳಿಗೂ ವ್ಯಾಪಾರದ ಮಿತ್ರರಿಗೂ ಅಚ್ಚು ಹಾಕಿಸಿದ ಕಾರ್ಡು ಕಳುಹಿಸುತ್ತೇನೆ. ಆ ಹುಡುಗಿಯ ಹೆಸರು ಮಾತ್ರ ನನಗೆ ನೆನಪಿರಲಿಲ್ಲ. ನನ್ನ ಪತ್ನಿಯನ್ನು ಕೇಳಿದೆ. ಅವಳು ಒಂದು ಕ್ಷಣವೂ ಯೋಚಿಸದೆ ಹೇಳಿದಳು. ಇಲ್ಲಿ ಅದನ್ನು ಬರೆಯುವುದಿಲ್ಲ, ಏಕೆಂದರೆ ಹಾಗೆ ಬರೆಯಲು ಆಕೆಯ ಅನುಮತಿಯನ್ನು ನಾನು ಪಡೆದಿಲ್ಲ.

ವಿಚಾರಿಸಲಾಗಿ ಆಕೆಯನ್ನು ಮಾನ್ವಿ ತಾಲೂಕಿನ ಹಳ್ಳಿಯೊಂದಕ್ಕೆ ಮದುವೆ ಮಾಡಿಕೊಟ್ಟಿದ್ದಾರೆಂದು ತಿಳಿಯಿತು. 2024ರ ಫೆಬ್ರವರಿಯಲ್ಲಿ ಪತ್ನಿಯೊಡನೆ ಹೋದೆ. ನಾಲೆಯ ನೀರಿನ ಊರು. ಆಕೆ ಕೂಲಿ ಮುಗಿಸಿ ಆಗತಾನೆ ಬಂದಿದ್ದಳು. ಹಿರಿಯ ಮಗಳು ಪಿ.ಯು.ಸಿ. ಓದುತ್ತಿದ್ದಾಳೆ. ನಮ್ಮನ್ನು ಗುರುತಿಸಿ ಚಾಪೆ ಹಾಸಿದಳು. ಬಂದ ಕಾರಣವನ್ನು ಹೇಳಲು ನನಗೆ ಮಾತು ಹೊರಡಲಿಲ್ಲ. ‘ಆಗ ನಿನಗೆ ನಮ್ಮಿಂದ ತೊಂದರೆಯಾಯಿತು’ ಎಂದಷ್ಟೇ ಹೇಳಿದೆ. ಆಕೆ ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದಳು: ‘ಊಟಕ್ಕೇನು ಕಡಿಮಿ ಮಾಡಿಲ್ರೀ. ಆದ್ರ ಹಸಿವಿ ಸತ್ತ ಮ್ಯಾಲ ಕೊಡ್ತಿದ್ರಿ.’ ಅದರಲ್ಲಿ ಸಿಟ್ಟಿರಲಿಲ್ಲ. ಆಮೇಲೆ ನನ್ನನ್ನು ಒಂದೇ ಒಂದು ಪ್ರಶ್ನೆ ಕೇಳಿದಳು: ‘ಅಪ್ಪಂದು ಸಾಲ ಯಾವಾಗ ತೀರಿತ್ರೀ?’

ನನಗೆ ಉತ್ತರ ಗೊತ್ತಿರಲಿಲ್ಲ. ನೋಡಿ ಹೇಳುತ್ತೇನೆಂದು ಬಂದೆ. ಹಳೆಯ ಕೀರ್ದಿ ಖತಾವಣಿಗಳನ್ನು ನಾವು ಎಸೆಯುವವರಲ್ಲ. ಅಟ್ಟದಿಂದ ಇಳಿಸಿ ನೋಡಿದರೆ ಎಲ್ಲವೂ ನನ್ನ ಕೈಬರಹದಲ್ಲಿಯೇ ಇತ್ತು. 1,600 ರೂಪಾಯಿ ಅಸಲು. ಬಡ್ಡಿ ಶೇಕಡ 18. ದೀಪಾವಳಿಯ ಲೆಕ್ಕಕ್ಕೆ ಬಡ್ಡಿಯನ್ನು ಅಸಲಿಗೆ ಸೇರಿಸಲಾಗಿದೆ. ಹುಡುಗಿಯ ತಿಂಗಳ 100 ರೂಪಾಯಿ ತಪ್ಪದೆ ಜಮೆಯಾಗಿದೆ. 23ನೆಯ ತಿಂಗಳಲ್ಲಿ ತಂದೆಯ ಖಾತೆ ಚುಕ್ತಾ ಆಗಿ ಅಡಿಗೆರೆ ಎಳೆದಿದ್ದೇನೆ. ಹುಡುಗಿ ನಮ್ಮ ಮನೆಯಲ್ಲಿದ್ದದ್ದು 36 ತಿಂಗಳು. ಉಳಿದ 13 ತಿಂಗಳ ಸಂಬಳ ಯಾವ ಪುಟದಲ್ಲಿಯೂ ಇಲ್ಲ. ನಾನು ಲೆಕ್ಕಶಾಸ್ತ್ರ ಓದಿದವನು. ಲೆಕ್ಕದಲ್ಲಿ ಒಂದು ಪೈಸೆಯ ತಪ್ಪಿರಲಿಲ್ಲ. ಆಕೆಯ ಹೆಸರಿನಲ್ಲಿ ಖಾತೆಯನ್ನೇ ತೆರೆದಿರಲಿಲ್ಲ, ಅಷ್ಟೇ. ಸಿಂಡರಳ ದುಡಿಮೆಯನ್ನು ಮಲತಾಯಿ ಕಿತ್ತುಕೊಂಡ ಪುಟವನ್ನು ಓದಿ ನಾನು ಹಲ್ಲು ಕಡಿದಿದ್ದೆನಲ್ಲ, ಆ ಪುಟದ ಪಕ್ಕದ ಪುಟ ನಮ್ಮ ಅಟ್ಟದ ಮೇಲಿತ್ತು.

1,300 ರೂಪಾಯಿಗೆ 28 ವರ್ಷದ ಬಡ್ಡಿ ಕಟ್ಟಿದೆ. ಸರಳ ಬಡ್ಡಿಯಲ್ಲಿ ಒಟ್ಟು 7,852 ರೂಪಾಯಿ ಬಂತು. ಪಕ್ಕದಲ್ಲಿ ನಿಂತಿದ್ದ ಮೊಮ್ಮಗಳು, ‘ಅವರಪ್ಪನಿಗೆ ಹಾಕಿದ್ದು ಈ ಬಡ್ಡಿಯೇನಾ?’ ಎಂದು ಕೇಳಿದಳು. ಅವನಿಗೆ ಹಾಕಿದ್ದು ಚಕ್ರಬಡ್ಡಿ. ಮತ್ತೆ ಕಟ್ಟಿದೆ. ಮೊತ್ತ 1,33,000 ದಾಟಿತು. ಕೊಡುವುದನ್ನೂ ತೆಗೆದುಕೊಳ್ಳುವುದನ್ನೂ ಎರಡು ತಕ್ಕಡಿಯಲ್ಲಿ ತೂಗುವುದು ಅಚೌರ್ಯವ್ರತದ ಅತಿಚಾರವೆಂದು ನನಗೆ ಗೊತ್ತಿಲ್ಲದ್ದೇನಲ್ಲ. ಆ ಹಣವನ್ನು ಆಕೆಯ ಬ್ಯಾಂಕಿನ ಖಾತೆಗೆ ಹಾಕಿಸಿದೆ. ದಾನವೆಂದು ಯಾರೂ ತಿಳಿಯಬಾರದು. ಸಾಲ ತೀರಿಸಿದವನಿಗೆ ಪುಣ್ಯವಿಲ್ಲ. ಆಕೆ ಮೊದಲು ಬೇಡವೆಂದಳು, ಆಮೇಲೆ ಮಗಳ ಓದಿಗಾಗುತ್ತದೆಂದು ಒಪ್ಪಿದಳು. ನಾನು ಕೈಮುಗಿದು ಕ್ಷಮೆ ಕೇಳಿದೆ. ‘ಲೆಕ್ಕ ಆತು ಬಿಡ್ರಿ’ ಎಂದಳು. ಕ್ಷಮಿಸಿದೆನೆಂದು ಹೇಳಲಿಲ್ಲ, ಇಲ್ಲವೆಂದೂ ಹೇಳಲಿಲ್ಲ. ಹೇಳಬೇಕೆಂದು ಒತ್ತಾಯಿಸುವುದು ಲೆವಾನಾ ರಾಣಿಯ ಕೆಲಸವಾದೀತೆಂದು ನಾನೂ ಸುಮ್ಮನೆ ಹಿಂದಿರುಗಿದೆ.

ಮಂಡಳಿಗೆ ಕೊಟ್ಟ ವರದಿಯಲ್ಲಿ ಈ ವೈಯಕ್ತಿಕ ವಿಷಯವನ್ನು ಬರೆಯಲಿಲ್ಲ. ಪುಸ್ತಕಗಳಲ್ಲಿ ಹಿಂಸೆಯ ಪ್ರಸಂಗಗಳಿವೆ, ಯೌವನಸಹಜವಾದ ಪ್ರೇಮದ ಪ್ರಸಂಗಗಳಿವೆ, ಕೆಲವೆಡೆ ಕಥೆ ಬಹಳ ಲಂಬಿಸುತ್ತದೆ, 13 ವರ್ಷ ಮೀರಿದ ಮಕ್ಕಳು ಓದಬಹುದು, ಯಶೋಧರ ಚರಿತೆಯ ಗದ್ಯಾನುವಾದವನ್ನು ಇದರ ಪಕ್ಕದಲ್ಲಿಯೇ ಇಡತಕ್ಕದ್ದು ಎಂದು ಶಿಫಾರಸು ಮಾಡಿದೆ. ಮಂಡಳಿ ಒಪ್ಪಿತು. ಆಕ್ಷೇಪಿಸಿದ್ದ ಹಿರಿಯರೇ ಮೊದಲ ಪುಸ್ತಕವನ್ನು ಒಯ್ದಿದ್ದಾರೆಂದು ಕೇಳಿದೆ.

ವರದಿಯಲ್ಲಿ ಬರೆಯದಿದ್ದುದನ್ನು ಇಲ್ಲಿ ಬರೆದದ್ದು, ನಮ್ಮ ಮನೆಗಳೂ ಬಸದಿಗಳ ಆಡಳಿತ ಮಂಡಳಿಗಳೂ ಒಂದು ಸಣ್ಣ ವಿಷಯವನ್ನು ಗಮನಿಸಲೆಂಬ ಆಸೆಯಿಂದ. ಪಂಚಕಲ್ಯಾಣಗಳಲ್ಲಿ, ವಿಧಾನಗಳಲ್ಲಿ, ಮದುವೆಗಳಲ್ಲಿ ಸಾವಿರಾರು ಜನರಿಗೆ ಸೂರ್ಯಾಸ್ತದೊಳಗೆ ಊಟ ಬಡಿಸುವ ನಮ್ಮ ವ್ಯವಸ್ಥೆ ಬೇರೆಯವರು ಮೆಚ್ಚುವಂಥದು. ಅಂದು ನೀರು ಹೊರುವವರು, ಪಾತ್ರೆ ತೊಳೆಯುವವರು, ಎಲೆ ಎತ್ತುವವರು ಎಷ್ಟು ಹೊತ್ತಿಗೆ ಉಣ್ಣುತ್ತಾರೆ ಎಂಬುದನ್ನು ಯಾರಾದರೂ ಒಬ್ಬರು ನಿಂತು ನೋಡಲಿ. ಅವರಲ್ಲಿ ಓದುವ ವಯಸ್ಸಿನ ಮಕ್ಕಳಿದ್ದಾರೆಯೇ ಎಂದು ನೋಡಲಿ. ಮೊದಲ ಪಂಕ್ತಿಯನ್ನು ಅವರಿಗೇ ಬಡಿಸಿದರೆ ನಮ್ಮ ವ್ರತಕ್ಕೆ ಯಾವ ಭಂಗವೂ ಇಲ್ಲ. ನಮ್ಮ ಮನೆಯಲ್ಲಿ ಈಗ ಕೆಲಸಕ್ಕೆ ಬರುವಾಕೆ ವಯಸ್ಕಳು. ಸಂಜೆ ಐದೂವರೆಗೆ ನಮ್ಮ ಜೊತೆಯಲ್ಲಿಯೇ ಉಂಡು, ಪಾತ್ರೆಗಳನ್ನು ಆಮೇಲೆ ತೊಳೆಯುತ್ತಾಳೆ. ಖತಾವಣಿಯಲ್ಲಿ ಆಕೆಯ ಹೆಸರಿಗೊಂದು ಪುಟವಿದೆ. ಮೂವತ್ತು ವರ್ಷ ಮೊದಲೇ ಮಾಡಬಹುದಾಗಿದ್ದ ಈ ಕೆಲಸಕ್ಕೆ ಹಿಟ್ಟಿನ ಹುಂಜದ ಕೂಗು ಸಾಲದೆ ಯಂತ್ರದ ಹುಡುಗಿಯೂ ಬರಬೇಕಾಯಿತು.

ಜೈ ಜಿನೇಂದ್ರ.